ಮನೆ ಮಲಗಿದ ಮೇಲೆ ಹಾಡು ಕೇಳುವವರಿಗೆ

ಬೇಸಿಗೆಯಲ್ಲಿ ರಾಯಚೂರಿನ ಮನೆಗಳು ತಡವಾಗಿ ಮಲಗುತ್ತವೆ. ಹಗಲಿನ ಉಷ್ಣಾಂಶ 40 ಡಿಗ್ರಿ ದಾಟಿದ ದಿನಗಳಲ್ಲಿ ಗೋಡೆ, ಮಾಳಿಗೆಗಳ ಕಾವು ಇಳಿಯುವಷ್ಟರಲ್ಲಿ ರಾತ್ರಿ ಹನ್ನೊಂದು ಗಂಟೆ. ಮಕ್ಕಳು, ಹಿರಿಯರು ಮಲಗಿ, ಅಡುಗೆಮನೆಯ ದೀಪ ಆರಿದ ಮೇಲೆ ದುಡಿದು ದಣಿದವರಿಗೆ ತಮ್ಮದು ಎಂದು ಒಂದು ಗಂಟೆ ಸಿಗುತ್ತದೆ. ಒಬ್ಬರಿಗೆ ಭೀಮಸೇನ ಜೋಶಿಯವರ ದಾಸವಾಣಿ ಬೇಕು, ಇನ್ನೊಬ್ಬರಿಗೆ ತತ್ವಪದ ಅಥವಾ ಕವ್ವಾಲಿ, ಮತ್ತೊಬ್ಬರಿಗೆ ಹಳೆಯ ಚಿತ್ರಗೀತೆ. ಮೊದಲಿಂದಲೂ ಇದು ಹಾಡು ಕೇಳುವವರ ಸೀಮೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಊರು. ಮಾನ್ವಿ ಜಗನ್ನಾಥದಾಸರ ಊರು. ರಾಯಚೂರು ನಗರದ ರಂಗಮಂದಿರಕ್ಕೆ ಇರುವುದು ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರು. ಆದ್ದರಿಂದ ರಾತ್ರಿ ಹಾಡು ಕೇಳಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಯಾವುದರಲ್ಲಿ ಕೇಳಬೇಕು, ಎಷ್ಟು ದನಿಯಲ್ಲಿ ಕೇಳಬೇಕು ಎಂಬುದಷ್ಟೇ ಇಂದಿನ ವಿಷಯ.

ರೇಡಿಯೋ, ಟೇಪ್ ರೆಕಾರ್ಡರ್‌ಗಳ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದನಿ ಸ್ವಲ್ಪ ಏರಿದರೆ ಒಳಮನೆಯಿಂದ ಅಜ್ಜನೋ ಅವ್ವನೋ 'ಸಣ್ಣಗ ಮಾಡೋ, ಮಂದಿ ಮಕ್ಕೊಂಡಾರ' ಎಂದು ಕೂಗುತ್ತಿದ್ದರು. ಇಡೀ ಮನೆ ನಮ್ಮ ಕಿವಿಗೆ ಕಾವಲಿತ್ತು. ಹೆಡ್‌ಫೋನ್ ಬಂದ ಮೇಲೆ ಆ ಕಾವಲು ಹೋಯಿತು. ಅದರಲ್ಲೂ ಹಿಂಬದಿ ಮುಚ್ಚಿದ, ಕಿವಿಯನ್ನು ಪೂರ್ತಿ ಆವರಿಸುವ ಹೆಡ್‌ಫೋನಿನಲ್ಲಿ ನೀವು ಎಷ್ಟೇ ಜೋರಾಗಿ ಹಾಡು ಹಾಕಿಕೊಂಡರೂ ಪಕ್ಕದಲ್ಲಿ ಮಲಗಿದವರಿಗೆ ಕೇಳಿಸುವುದು ಕಡಿಮೆ. 'ನನ್ನ ಹಾಡು ಯಾರಿಗೂ ಕೇಳಸಂಗಿಲ್ರೀ, ಅಷ್ಟು ಸಣ್ಣಗ ಇಟ್ಟಿರ್ತೀನಿ' ಎಂದು ರೋಗಿಗಳು ಹೇಳುವುದುಂಟು. ಪಕ್ಕದವರಿಗೆ ಕೇಳಿಸದಿರುವುದಕ್ಕೂ ದನಿ ಸಣ್ಣದಾಗಿರುವುದಕ್ಕೂ ಸಂಬಂಧವಿಲ್ಲ. ಶಬ್ದ ಹೊರಗೆ ಹೋಗದಂತೆ ಬಟ್ಟಲು ತಡೆದಿದೆ, ಅಷ್ಟೆ.

ಹಾಗೆಂದು ಮುಚ್ಚಿದ ಹೆಡ್‌ಫೋನ್ ಕೆಟ್ಟದ್ದೇ? ಅಲ್ಲ. ಸರಿಯಾಗಿ ಆರಿಸಿ, ಸರಿಯಾಗಿ ಬಳಸಿದರೆ ರಾತ್ರಿ ಹೊತ್ತು ಮನೆಯಲ್ಲಿ ಕೇಳುವವರಿಗೆ ಅದಕ್ಕಿಂತ ಹಿತವಾದ ಸಾಧನ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಕಾರಣ ತಿಳಿಯಬೇಕಾದರೆ ಮೊದಲು ಕಿವಿಯ ಒಳಗೆ ಸ್ವಲ್ಪ ಇಣುಕಬೇಕು.

ಒಳಕಿವಿಯ ಕೂದಲು

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯ ಎಂಬ ಪುಟ್ಟ ಅಂಗವಿದೆ. ಪ್ರತಿ ಕಿವಿಯ ಕಾಕ್ಲಿಯದಲ್ಲಿ ಸುಮಾರು 15 ಸಾವಿರ ರೋಮಕೋಶಗಳು ಸಾಲಾಗಿ ನಿಂತಿರುತ್ತವೆ. ಶಬ್ದದ ಅಲೆ ಬಂದಾಗ ಇವುಗಳ ತುದಿಯ ಕೂದಲುಗಳು ಗಾಳಿಗೆ ಜೋಳದ ಬೆಳೆ ಬಾಗಿದಂತೆ ಬಾಗುತ್ತವೆ. ಆ ಬಾಗುವಿಕೆಯೇ ವಿದ್ಯುತ್ ಸಂಕೇತವಾಗಿ ಮಿದುಳಿಗೆ ಮುಟ್ಟುತ್ತದೆ. ಗಾಳಿ ಜೋರಾದರೆ ಬೆಳೆ ನೆಲಕ್ಕೆ ಒರಗುತ್ತದೆ, ಗಾಳಿ ನಿಂತ ಮೇಲೆ ಕೆಲವು ದಂಟುಗಳು ಮತ್ತೆ ಏಳುತ್ತವೆ. ಜಾತ್ರೆ, ಮದುವೆಗಳಲ್ಲಿ ಡಿ.ಜೆ. ಮುಂದೆ ನಿಂತು ಬಂದವರಿಗೆ ಕಿವಿ ಮಂದವಾಗಿ, 'ಗುಂಯ್' ಎಂದು ಮೊರೆದು, ಮರುದಿನ ಸರಿಹೋಗುವುದು ಹೀಗೆಯೇ. ಆದರೆ ಬಿರುಗಾಳಿ ಮೇಲಿಂದ ಮೇಲೆ ಬೀಸಿದರೆ ದಂಟು ಮುರಿಯುತ್ತದೆ. ಮುರಿದ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಗುಳಿಗೆಯಿಲ್ಲ, ಇಂಜೆಕ್ಷನ್ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ.

ಮೊದಲು ಹಾಳಾಗುವುದು ತಾರಕದ ಶಬ್ದಗಳನ್ನು, ಸುಮಾರು 4,000 ಹರ್ಟ್ಸ್ ಆಸುಪಾಸಿನ ಕಂಪನಗಳನ್ನು ಗ್ರಹಿಸುವ ಭಾಗ. ಮಾತಿನಲ್ಲಿ ಸ, ಶ, ತ, ಕ ಮುಂತಾದ ಹರಿತವಾದ ವ್ಯಂಜನಗಳು ಸ್ಪಷ್ಟವಾಗಿ ಕೇಳಬೇಕಾದರೆ ಈ ಮೇಲಿನ ಕಂಪನಗಳು ಬೇಕು. ಆದ್ದರಿಂದ ಇಂಥವರಿಗೆ ದನಿ ಕೇಳುತ್ತದೆ, ಪದ ಒಡೆಯುವುದಿಲ್ಲ. 'ಕೇಳಸ್ತದ್ರೀ, ಆದ್ರ ಏನಂದ್ರು ಅನ್ನೂದು ತಿಳಿಯಂಗಿಲ್ಲ' ಎಂದು ನಲವತ್ತು ದಾಟದವರೂ ಬಂದು ಹೇಳಿದರೆ ಶಬ್ದದ ಪೆಟ್ಟಿನ ಬಗ್ಗೆ ವಿಚಾರಿಸಲೇಬೇಕಾಗುತ್ತದೆ.

ಶಬ್ದವನ್ನು ಅಳೆಯುವ ಮಾನ ಡೆಸಿಬೆಲ್. ಪಿಸುಮಾತು ಸುಮಾರು 30, ಎದುರು ಬದುರು ಕುಳಿತ ಮಾತುಕತೆ 60, ಮಿಕ್ಸಿ 80ರಿಂದ 90. ಈ ಲೆಕ್ಕ ಬಡ್ಡಿಯ ಲೆಕ್ಕದಂತೆ ಮೋಸ ಮಾಡುತ್ತದೆ: ಕೇವಲ 3 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಬೀಳುವ ಶಕ್ತಿ ಇಮ್ಮಡಿ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2018ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಮಟ್ಟದಲ್ಲಿ ಕೇಳಬಹುದು. ಮಕ್ಕಳಿಗೆ ಅದು 75. ದನಿ 83ಕ್ಕೆ ಏರಿದರೆ ವಯಸ್ಕರಿಗೆ ಸಿಗುವುದು 20 ಗಂಟೆ, 86 ಆದರೆ 10 ಗಂಟೆ. 90ಕ್ಕೆ ಬಂದರೆ ಇಡೀ ವಾರಕ್ಕೆ ಬರೀ 4 ಗಂಟೆ.

ಗಿರಣಿಯ ಹಗಲು, ಹೆಡ್‌ಫೋನಿನ ರಾತ್ರಿ

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ. ರಾಯಚೂರು, ಮಾನ್ವಿಗಳ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ಹಟ್ಟಿಯ ಚಿನ್ನದ ಗಣಿ: ಹಗಲಿಡೀ ಯಂತ್ರದ ಸದ್ದಿನ ನಡುವೆ ದುಡಿಯುವವರು ಇಲ್ಲಿ ಸಾವಿರಾರು ಮಂದಿ. ಕಾರ್ಖಾನೆ ನಿಯಮಗಳು ದಿನಕ್ಕೆ 8 ಗಂಟೆಯ ಕೆಲಸಕ್ಕೆ 90 ಡೆಸಿಬೆಲ್‌ವರೆಗೆ ಅವಕಾಶ ಕೊಡುತ್ತವೆ. ಮೇಲಿನ ಲೆಕ್ಕದೊಂದಿಗೆ ಇದನ್ನು ಇಟ್ಟು ನೋಡಿ. ಅಂಥ ಕಡೆ ದುಡಿಯುವವನ ಕಿವಿ ಸೋಮವಾರ ಮಧ್ಯಾಹ್ನದ ಊಟದ ಹೊತ್ತಿಗೇ ವಾರದ ಪಾಲನ್ನೆಲ್ಲ ಉಂಡು ಮುಗಿಸಿರುತ್ತದೆ. ಕಿವಿಗೆ ಇರುವುದು ಒಂದೇ ಖಾತೆ. ಗಿರಣಿಯದು ಬೇರೆ, ಹಾಡಿನದು ಬೇರೆ ಎಂದು ಅದು ಬರೆದುಕೊಳ್ಳುವುದಿಲ್ಲ.

ಇನ್ನೂ ಒಂದು ಅಪಾಯವಿದೆ. ಗಿರಣಿಯಿಂದ ಬಂದ ಸಂಜೆ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ. ಮಂದವಾದ ಕಿವಿಗೆ ಹಾಡು ಸಣ್ಣಗೆ ಕೇಳುತ್ತದೆ, ಆದ್ದರಿಂದ ಕೈ ತಾನಾಗಿ ದನಿ ಏರಿಸುತ್ತದೆ. ವಿಶ್ರಾಂತಿ ಬೇಕಾದ ರೋಮಕೋಶಗಳಿಗೆ ಮತ್ತೊಂದು ಪಾಳಿಯ ಕೆಲಸ. ಇಂಥ ಕೆಲಸದಲ್ಲಿರುವವರು ಮೊದಲು ಕೊಳ್ಳಬೇಕಾದದ್ದು ಹಾಡಿನ ಹೆಡ್‌ಫೋನ್ ಅಲ್ಲ, ಕೆಲಸದ ಜಾಗಕ್ಕೆ ಕಿವಿಗವಸು. ಅದನ್ನು ಮಾಲೀಕರಿಂದ ಕೇಳಿ ಪಡೆಯುವುದು ಅವರ ಹಕ್ಕು ಕೂಡ. ರಾತ್ರಿ ಹಾಡು ಬೇಕೇ ಬೇಕೆಂದರೆ ಮನೆಗೆ ಬಂದು ಕೆಲವು ಗಂಟೆ ಕಿವಿಗೆ ಬಿಡುವು ಕೊಟ್ಟು, ಆಮೇಲೆ ಸಣ್ಣಗೆ ಹಾಕಿಕೊಳ್ಳಲಿ.

ಮುಚ್ಚಿದ್ದೇ ಏಕೆ?

ಹೆಡ್‌ಫೋನ್‌ಗಳಲ್ಲಿ ಎರಡು ಜಾತಿ. ಒಂದರ ಬಟ್ಟಲಿನ ಹಿಂಬದಿಯಲ್ಲಿ ಜಾಲರಿ ಇದ್ದು ಶಬ್ದ ಒಳಗೂ ಹೊರಗೂ ಓಡಾಡುತ್ತದೆ. ಸೆನ್‌ಹೈಸರ್ ಕಂಪನಿ 1968ರಲ್ಲಿ ಈ ತೆರೆದ ಬಗೆಯದನ್ನು ಮಾರುಕಟ್ಟೆಗೆ ತಂದಿತು. ಸಂಗೀತ ಅದರಲ್ಲಿ ಬಯಲಲ್ಲಿ ಕೇಳಿದಂತೆ ವಿಶಾಲವಾಗಿ ಕೇಳುತ್ತದೆ, ಸಂಗೀತಪ್ರಿಯರು ಅದನ್ನೇ ಮೆಚ್ಚುತ್ತಾರೆ. ಆದರೆ ಒಂದೇ ಕೋಣೆಯಲ್ಲಿ ನಾಲ್ವರು ಮಲಗುವ ಮನೆಗೆ ಅದು ಹೇಳಿಸಿದ್ದಲ್ಲ. ಇನ್ನೊಂದು ಹಿಂಬದಿ ಪೂರ್ತಿ ಮುಚ್ಚಿದ್ದು. ಆಕಾಶವಾಣಿಯ ನಿರೂಪಕರು, ಧ್ವನಿಮುದ್ರಣದಲ್ಲಿ ಹಾಡುವವರು ಧರಿಸುವುದು ಸಾಮಾನ್ಯವಾಗಿ ಇದನ್ನೇ, ಏಕೆಂದರೆ ಹೆಡ್‌ಫೋನಿನ ಸದ್ದು ಮೈಕಿಗೆ ಸೋರಬಾರದು. ಮೈಕಿಗೆ ಸೋರದ್ದು ಮಲಗಿದ ಮಗುವಿಗೂ ಸೋರುವುದಿಲ್ಲ.

ವೈದ್ಯನಾಗಿ ನನಗೆ ಮುಖ್ಯವಾದದ್ದು ಇದರ ಇನ್ನೊಂದು ಗುಣ. ಮುಚ್ಚಿದ ಬಟ್ಟಲು ಹೊರಗಿನ ಗದ್ದಲವನ್ನು ಒಳಗೆ ಬಿಡುವುದಿಲ್ಲ. ನಮ್ಮ ಊರಿನ ರಾತ್ರಿ ನಾವು ತಿಳಿದಷ್ಟು ನಿಶ್ಶಬ್ದವಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ 45 ಡೆಸಿಬೆಲ್ ಮೀರಬಾರದು. ಲಗ್ನಗಳ ದಿನಗಳಲ್ಲಿ ಈ ನಿಯಮದ ಗತಿ ಏನೆಂದು ಓದುಗರಿಗೆ ಗೊತ್ತು. ಹೊರಗೆ ಸುಮ್ಮನಿದ್ದರೂ ಮನೆಯೊಳಗೆ ಕೂಲರ್ ಇದೆ. ಮಂಚದ ಪಕ್ಕಕ್ಕೆ ಇಟ್ಟ ಕೂಲರಿನ ಸದ್ದು ಮಾತಿನ ಸದ್ದಿಗೆ ಸಮನಾಗಿಯೇ ಇರುತ್ತದೆ. ಅದರ ಮೇಲೆ ಹಾಡು ಕೇಳಬೇಕಾದರೆ ಹಾಡು ಅದಕ್ಕಿಂತ ಎತ್ತರದಲ್ಲಿರಬೇಕು. ಬೀದಿಬದಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ, ಕಿವಿಯ ಬಾಯಿಗೆ ಸಡಿಲವಾಗಿ ಸಿಕ್ಕಿಸುವ ಇಯರ್‌ಫೋನ್ ಹೊರಗಿನ ಸದ್ದನ್ನು ತಡೆಯುವುದೇ ಇಲ್ಲ. ಅದನ್ನು ಹಾಕಿಕೊಂಡವರು ಗೊತ್ತಿಲ್ಲದೆಯೇ ಕೂಲರಿನ ಜೊತೆ ಜಗಳಕ್ಕೆ ಬಿದ್ದಿರುತ್ತಾರೆ. ಕಿವಿಯನ್ನು ಸರಿಯಾಗಿ ಆವರಿಸಿದ ಹೆಡ್‌ಫೋನಿನಲ್ಲಿ ಅದೇ ಹಾಡು ಎಷ್ಟೋ ಕೆಳಗಿನ ದನಿಯಲ್ಲಿ ಹಿತವಾಗಿ ಕೇಳುತ್ತದೆ. ಮುಚ್ಚಿದ ಹೆಡ್‌ಫೋನಿನಿಂದ ಕಿವಿಗಾಗುವ ಲಾಭ ಇದೊಂದೇ. ದನಿಯನ್ನು ಇಳಿಸದಿದ್ದರೆ ಆ ಲಾಭವೂ ಇಲ್ಲ.

ಒಂದು ಮಿತಿಯನ್ನೂ ಹೇಳಬೇಕು. ಮೆತ್ತೆ ಮತ್ತು ಬಟ್ಟಲು ಮಾತು, ಟಿ.ವಿ., ಪಾತ್ರೆಯ ಸದ್ದಿನಂಥ ಮೇಲಿನ ಸ್ವರಗಳನ್ನು ಚೆನ್ನಾಗಿ ತಡೆಯುತ್ತವೆ. ಕೂಲರ್, ಜನರೇಟರ್‌ಗಳ 'ಗುಂ' ಎಂಬ ಮಂದ್ರದ ಸದ್ದನ್ನು ಅಷ್ಟಾಗಿ ತಡೆಯಲಾರವು. ಅದಕ್ಕೆಂದೇ ಎದುರು ಶಬ್ದ ಹುಟ್ಟಿಸಿ ಹೊರಗಿನ ಸದ್ದನ್ನು ಅಳಿಸುವ, 'ನಾಯ್ಸ್ ಕ್ಯಾನ್ಸಲಿಂಗ್' ಎಂದು ಕರೆಯುವ ಹೆಡ್‌ಫೋನ್‌ಗಳಿವೆ. ಒಂದೇ ಸಮನೆ ಮೊರೆಯುವ ಕೂಲರಿಗೆ ಅವು ಒಳ್ಳೆಯ ಉಪಾಯ. ಬೆಲೆ ಹೆಚ್ಚು. ಕೈಗೆಟುಕದಿದ್ದರೆ ಕೂಲರನ್ನು ಕಿಟಕಿಯ ಹೊರಗೆ ಕೂರಿಸಿ, ಅಥವಾ ಹಾಡು ಕೇಳುವಷ್ಟು ಹೊತ್ತು ಅದರಿಂದ ದೂರ ಕುಳಿತುಕೊಳ್ಳಿ. ಅದಕ್ಕೆ ಕಾಸು ಬೇಕಿಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

ಹೆಡ್‌ಫೋನ್ ಕೊಳ್ಳಲು ಹೋದವರು ಮೊದಲು ಕೇಳುವುದು 'ಬಾಸ್ ಹೆಂಗದ?' ಎಂದು. ಅದನ್ನು ಕೊನೆಗೆ ಕೇಳಿ. ಮೊದಲು ಹಾಡು ಹಾಕದೆ ತಲೆಗೆ ಧರಿಸಿ, ಅಂಗಡಿಯವರಿಗೆ ಮಾತಾಡಲು ಹೇಳಿ. ಅವರ ಮಾತು ದೂರ ಸರಿದಂತೆ ಮಂದವಾದರೆ ಬಟ್ಟಲು ನಿಮ್ಮ ಕಿವಿಗೆ ಹೊಂದಿದೆ. ಕಿವಿಯ ಮೇಲೆ ಕೂರುವ ಚಿಕ್ಕ ಬಟ್ಟಲಿಗಿಂತ ಇಡೀ ಕಿವಿ ಒಳಗೆ ಸೇರಿಕೊಳ್ಳುವ ದೊಡ್ಡದನ್ನೇ ಆರಿಸಿ. ಚಿಕ್ಕದು ಕಿವಿಯ ಮೃದ್ವಸ್ಥಿಯನ್ನು ಒತ್ತಿ ಅರ್ಧ ಗಂಟೆಯಲ್ಲಿ ನೋವು ತರುತ್ತದೆ, ಸದ್ದನ್ನೂ ಸೋರಗೊಡುತ್ತದೆ. ಕನ್ನಡಕ ಧರಿಸುವವರು ಕನ್ನಡಕ ಹಾಕಿಯೇ ಪರೀಕ್ಷಿಸಬೇಕು, ಏಕೆಂದರೆ ಅದರ ಕಡ್ಡಿ ಮೆತ್ತೆಯನ್ನು ಎತ್ತಿ ಸಂದು ಮಾಡುತ್ತದೆ. ಕಿವಿಯಲ್ಲಿ ದೊಡ್ಡ ಬೆಂಡೋಲೆ ಇರುವ ಹೆಣ್ಣುಮಕ್ಕಳಿಗೂ ಇದೇ ತೊಂದರೆ. ರಾತ್ರಿ ಅವನ್ನು ತೆಗೆದಿಟ್ಟು ಕೇಳುವುದು ಒಳ್ಳೆಯದು.

ಆಮೇಲೆ ಹಾಡು ಹಾಕಿ. ಅಂಗಡಿಯವರು ಹಾಕುವ ಧಡಧಡ ಹಾಡು ಬೇಡ, ನಿಮಗೆ ಪರಿಚಯವಿರುವ ಒಂದು ದಾಸರ ಪದವೋ ಗಜಲ್ಲೋ ಸಾಕು. ದನಿಯನ್ನು ತೀರ ಕೆಳಗಿಟ್ಟು ಸಾಹಿತ್ಯ ಸ್ಪಷ್ಟವಾಗಿ ತಿಳಿಯುತ್ತದೆಯೇ, ತಬಲಾದ ಡಗ್ಗಾ ಕೇಳುತ್ತದೆಯೇ ನೋಡಿ. ಒಂದು ಬಟ್ಟಲನ್ನು ಬೆರಳಿನಿಂದ ಕೊಂಚ ಎತ್ತಿ. ಡಗ್ಗಾ ತಟ್ಟನೆ ಮಾಯವಾಗಿ, ಬಿಟ್ಟಾಗ ಮರಳಿ ಬಂದರೆ ಮೆತ್ತೆ ಚೆನ್ನಾಗಿ ಮುಚ್ಚಿಕೊಂಡಿದೆ ಎಂದು ಅರ್ಥ. ಎತ್ತಿದರೂ ಬಿಟ್ಟರೂ ಒಂದೇ ಆದರೆ ಅದು ನಿಮ್ಮ ತಲೆಗೆ ಹೊಂದಿಲ್ಲ, ಎಷ್ಟೇ ಹೆಸರಿನ ಕಂಪನಿಯದಾಗಲಿ ಬಿಟ್ಟುಬಿಡಿ.

ಈ ಪರೀಕ್ಷೆಯನ್ನು ಸಣ್ಣ ದನಿಯಲ್ಲೇ ಮಾಡಬೇಕೆನ್ನಲು ಕಾರಣವಿದೆ. ದನಿ ಕಡಿಮೆಯಾದಷ್ಟೂ ನಮ್ಮ ಕಿವಿ ಮಂದ್ರ ಸ್ವರಗಳಿಗೆ ಹೆಚ್ಚು ಕಿವುಡಾಗುತ್ತದೆ. ಇದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಹಾಗಾಗಿ ಸಣ್ಣಗೆ ಹಾಕಿದ ಹಾಡು ತೆಳ್ಳಗೆ, ಜೀವವಿಲ್ಲದಂತೆ ಕೇಳುತ್ತದೆ. ಅದನ್ನು ತುಂಬಿಸಿಕೊಳ್ಳಲು ಜನ ಇಡೀ ದನಿಯನ್ನೇ ಏರಿಸುತ್ತಾರೆ. ಹೀಗೆ ಮಾಡುವ ಬದಲು ಮೊಬೈಲಿನ ಈಕ್ವಲೈಸರ್‌ನಲ್ಲಿ ಮಂದ್ರದ ಪಟ್ಟಿಯೊಂದನ್ನೇ ತುಸು ಏರಿಸಿ. ದನಿ ಕೆಳಗೇ ಇರುತ್ತದೆ, ಡಗ್ಗಾ ಮರಳುತ್ತದೆ. ಇದನ್ನು ತಿಳಿದುಕೊಂಡವರಿಗೆ ರಾತ್ರಿ ದನಿ ಏರಿಸುವ ಅಗತ್ಯವೇ ಬರುವುದಿಲ್ಲ.

ಪೆಟ್ಟಿಗೆಯ ಮೇಲೆ 'ಓಮ್' ಎಂದು ಬರೆದ ಅಂಕಿ ಇರುತ್ತದೆ. ಮೊಬೈಲಿಗೆ ನೇರವಾಗಿ ತಂತಿಯಿಂದ ಜೋಡಿಸುವವರು 32ರ ಆಸುಪಾಸಿನದನ್ನು ಕೊಂಡರೆ ಸಾಕು. 250 ಓಮಿನಂಥವು ಸ್ಟುಡಿಯೋ ಯಂತ್ರಗಳಿಗೆ ತಕ್ಕವು. ಬ್ಲೂಟೂತ್ ತರಂಗಗಳಿಂದ ಕಿವಿ ಕೆಡುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಅವು ಅತಿ ಕಡಿಮೆ ಶಕ್ತಿಯ ರೇಡಿಯೋ ತರಂಗಗಳು. ಕಿವಿ ಕೆಡಿಸುವುದು ತರಂಗವಲ್ಲ, ದನಿ. ತೂಕ 300 ಗ್ರಾಂ ಮೀರದಿದ್ದರೆ ಕುತ್ತಿಗೆಗೆ ಸುಖ. ಮೆತ್ತೆಯ ವಿಷಯದಲ್ಲಿ ನಮ್ಮ ಹವೆಯನ್ನು ನೆನಪಿಡಿ: ರೆಕ್ಸಿನ್ ಮೆತ್ತೆ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೆವರು ಕೂಡಿಸುತ್ತದೆ, ಬಿಸಿಲಿಗೆ ಬೇಗ ಸಿಪ್ಪೆ ಏಳುತ್ತದೆ. ಬಟ್ಟೆಯ ಮೆತ್ತೆ ತಂಪು, ಆದರೆ ತುಸು ಸೋರುತ್ತದೆ. ಮೆತ್ತೆಯನ್ನು ಬದಲಿಸಲು ಬರುವಂಥ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ದನಿ ಎಷ್ಟಿರಬೇಕು? ಗರಿಷ್ಠದ ಶೇ. 60ರೊಳಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೆಡ್‌ಫೋನಿನಿಂದ ಹೆಡ್‌ಫೋನಿಗೆ ಈ ಶೇ. 60 ಬೇರೆ ಬೇರೆ ಗಟ್ಟಿ ಇರುತ್ತದೆ, ಆದ್ದರಿಂದ ಅದನ್ನು ಮೇಲಿನ ಗಡಿ ಎಂದು ತಿಳಿಯಿರಿ, ಗುರಿ ಎಂದಲ್ಲ. ನಾನು ಹೇಳುವ ಕ್ರಮ ಹೀಗೆ: ಸೊನ್ನೆಯಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತ ಹೋಗಿ, ಪದಗಳು ತಿಳಿದ ಕೂಡಲೆ ಕೈ ತೆಗೆಯಿರಿ. ಎರಡು ಮೂರು ನಿಮಿಷದಲ್ಲಿ ಕಿವಿ ಆ ದನಿಗೆ ಒಗ್ಗಿಕೊಳ್ಳುತ್ತದೆ. ಮೊದಲೇ ಜೋರಾಗಿ ಇಟ್ಟು ಇಳಿಸಲು ಹೋದರೆ ಎಷ್ಟು ಇಳಿಸಿದರೂ ಸಾಲದೆನಿಸುತ್ತದೆ. ಅನೇಕ ಮೊಬೈಲುಗಳಲ್ಲಿ ದನಿಗೆ ಗಡಿ ಹಾಕುವ ಸೌಲಭ್ಯವಿದೆ, ಒಮ್ಮೆ ಹಾಕಿಟ್ಟರೆ ಮುಗಿಯಿತು. ಪರೀಕ್ಷೆಯ ಓದಿನ ನೆಪದಲ್ಲಿ ಹೆಡ್‌ಫೋನ್ ಹಾಕಿ ಕೂರುವ ಮಕ್ಕಳ ಮೊಬೈಲಿನಲ್ಲಿ ತಂದೆ ತಾಯಿಯೇ ಇದನ್ನು ಮಾಡಬೇಕು. ಒಳಗೆ ಎಷ್ಟು ಜೋರಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲವಲ್ಲ.

ಯಾರಿಗೆ ಬೇಡ?

ಕಿವಿ ಸೋರುವವರು ಕಿವಿ ಪೂರ್ತಿ ಒಣಗುವವರೆಗೆ ಮುಚ್ಚಿದ ಹೆಡ್‌ಫೋನ್ ಧರಿಸಬಾರದು. ಒಳಗೆ ಬಿಸಿ ಮತ್ತು ತೇವ ಕೂಡಿ ಸೋಂಕು ಹೆಚ್ಚುತ್ತದೆ, ಬೂಷ್ಟು ಬೆಳೆದು ತುರಿಕೆ ಶುರುವಾಗುತ್ತದೆ. ಆ ತುರಿಕೆಗೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡುವುದು, ಕಡ್ಡಿ, ಬೀಗದ ಕೈ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ದಯವಿಟ್ಟು ಬೇಡ. ತಮಟೆ ತೂತಾಗಿರುವ ಕಿವಿಗೆ ಬಿದ್ದ ಎಣ್ಣೆ ಎಷ್ಟು ಒಳಗೆ ಹೋಗುತ್ತದೆಂದು ಬಿಟ್ಟವರಿಗೆ ಗೊತ್ತಿರುವುದಿಲ್ಲ. ಒಬ್ಬರ ಹೆಡ್‌ಫೋನನ್ನು ಇನ್ನೊಬ್ಬರು ಬಳಸುವ ಮುನ್ನ ಮೆತ್ತೆಯನ್ನು ತುಸು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ಟಿ.ವಿ. ಜೋರು ಮಾಡುವ ಅಜ್ಜ ಅಜ್ಜಿಯರಿಗೆಂದು ಮಕ್ಕಳು ಹೆಡ್‌ಫೋನ್ ತಂದುಕೊಡುವುದು ಹೆಚ್ಚುತ್ತಿದೆ. ಮನೆಯವರಿಗೆ ನಿದ್ದೆ ಬರುತ್ತದೆ ನಿಜ. ಆದರೆ ಹಿರಿಯರಿಗೆ ಕಿವಿ ಕೇಳದಿರಲು ಕಾರಣ ಬರೀ ಗಟ್ಟಿಯಾದ ಗುಗ್ಗೆ ಇರಬಹುದು, ಶ್ರವಣ ಸಾಧನ ಬೇಕಾದ ದೋಷವೂ ಇರಬಹುದು. ಅದನ್ನು ತಿಳಿಯದೆ ಹೆಡ್‌ಫೋನಿನಲ್ಲಿ ದನಿ ತುಂಬಿದರೆ ಉಳಿದ ಕಿವಿಯೂ ಸವೆಯುತ್ತದೆ. ಮೊದಲು ಪರೀಕ್ಷೆ, ಆಮೇಲೆ ಹೆಡ್‌ಫೋನ್.

ಧರಿಸಿಕೊಂಡೇ ನಿದ್ದೆ ಹೋಗುವ ಅಭ್ಯಾಸವನ್ನು ಬಿಡಬೇಕು. ಮಗ್ಗುಲಾದಾಗ ಬಟ್ಟಲು ಕಿವಿಯನ್ನು ಒತ್ತುತ್ತದೆ, ತಂತಿ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಮಗು ಅತ್ತದ್ದು, ಮುದುಕರು ಕರೆದದ್ದು, ಬಾಗಿಲು ಬಡಿದದ್ದು ತಿಳಿಯುವುದಿಲ್ಲ. ಹಾಡು ತಾನಾಗಿ ನಿಲ್ಲುವಂತೆ ಮೊಬೈಲಿನಲ್ಲಿ ಅರ್ಧ ಗಂಟೆಯ ಗಡುವು ಇಡಬಹುದು. ಚಾರ್ಜಿಗೆ ಹಾಕಿದ ಮೊಬೈಲಿಗೆ ತಂತಿ ಜೋಡಿಸಿಕೊಂಡು ಮಲಗಬೇಡಿ. ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ ಹಚ್ಚಲು ಹೊಲಕ್ಕೆ ಹೋಗುವ ರೈತರು ಹೆಡ್‌ಫೋನನ್ನು ಮನೆಯಲ್ಲೇ ಬಿಟ್ಟು ಹೋಗಲಿ. ಬದುವಿನ ಮೇಲೆ ನಡೆಯುವಾಗ ಕಾಲಿಗಿಂತ ಮುಂಚೆ ಕಿವಿ ಹಾವನ್ನು ಕಾಣುತ್ತದೆ.

ಹಾಡು ನಿಲ್ಲಿಸಿದ ಮೇಲೂ ಕಿವಿ ಮೊರೆಯುತ್ತಿದ್ದರೆ, ಮಾತು ಮಂಕಾಗಿ ಕೇಳಿದರೆ, ಎದುರಿನವರ ಮಾತನ್ನು ಎರಡೆರಡು ಸಲ ಕೇಳಬೇಕಾಗಿ ಬಂದರೆ ಆ ರಾತ್ರಿಯ ದನಿ ಹೆಚ್ಚಾಗಿತ್ತು ಎಂದು ತಿಳಿಯಿರಿ. ಒಂದೆರಡು ದಿನ ಪೂರ್ತಿ ಬಿಡುವು ಕೊಟ್ಟರೂ ಮೊರೆತ ಹೋಗದಿದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ದೇವದುರ್ಗ, ಮಾನ್ವಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿಯೊಳಗೆ ಗುಗ್ಗೆ, ಸೋಂಕು ಇದೆಯೇ ಎಂದು ತೋರಿಸಿಕೊಂಡು, ಅಗತ್ಯವಿದ್ದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಬರಬಹುದು. ಆದರೆ ಒಂದು ಸಂದರ್ಭದಲ್ಲಿ ಕಾಯುವಂತಿಲ್ಲ. ರಾತ್ರಿ ಸರಿಯಾಗಿದ್ದ ಕಿವಿ ಬೆಳಿಗ್ಗೆ ಏಳುವಷ್ಟರಲ್ಲಿ, ಅದರಲ್ಲೂ ಒಂದೇ ಬದಿಯದು, ಮುಚ್ಚಿದಂತೆ ಕೇಳದೇ ಹೋದರೆ ಅದಕ್ಕೆ ಹೆಡ್‌ಫೋನ್ ಕಾರಣ ಇರಲಿ ಬಿಡಲಿ, ಅದೇ ದಿನ ತಜ್ಞರ ಬಳಿ ಹೋಗಬೇಕು. ಮೊದಲ ಕೆಲವು ದಿನಗಳಲ್ಲೇ ಸ್ಟಿರಾಯ್ಡ್ ಚಿಕಿತ್ಸೆ ಶುರುವಾದರೆ ಕೇಳುವಿಕೆ ಮರಳುವ ಸಾಧ್ಯತೆ ಹೆಚ್ಚು; ನೆಗಡಿಯಿಂದ ಕಿವಿ ಕಟ್ಟಿದೆ ಎಂದು ಎರಡು ಮೂರು ವಾರ ಕಳೆದು ಬಂದವರಿಗೆ ಮಾಡಬಹುದಾದದ್ದು ಕಡಿಮೆ.